ಮಾರಿದವರ ಹೆಗಲ ಮೇಲಿನ ಹೊರೆ

ಹಳೆಯ ವಾಹನವೊಂದರ ವ್ಯಾಪಾರವು ಹಣವೂ ಕೀಲಿಕೈಯೂ ಕೈ ಬದಲಾಯಿಸಿದ ಕ್ಷಣದಲ್ಲಿ ಮುಗಿಯಿತೆಂದು ನಮ್ಮಲ್ಲಿ ಹೆಚ್ಚಿನವರು ಭಾವಿಸುತ್ತಾರೆ. ಕರಾವಳಿಯ ನಮ್ಮ ಊರುಗಳಲ್ಲಿ ಈ ಭಾವನೆ ಇನ್ನೂ ಗಟ್ಟಿ. ಕೊಲ್ಲಿ ರಾಷ್ಟ್ರಕ್ಕೆ ಹೊರಟ ತರುಣನೊಬ್ಬ ತನ್ನ ಬೈಕನ್ನು ಭಾವನಿಗೆ ಒಪ್ಪಿಸಿ ಹೋಗುತ್ತಾನೆ. ಭಾವ ಅದನ್ನು ನೆರೆಯವನಿಗೆ ಮಾರುತ್ತಾನೆ. ನೆರೆಯವನು ಎರಡು ವರ್ಷ ಓಡಿಸಿ ಗ್ಯಾರೇಜಿನವನಿಗೆ ಕೊಡುತ್ತಾನೆ. ಬೈಕು ನಾಲ್ಕನೆಯ ಕೈಯಲ್ಲಿ ಓಡುತ್ತಿದ್ದರೂ ಆರ್‌ಸಿಯಲ್ಲಿ ಮೊದಲನೆಯವನ ಹೆಸರೇ ಉಳಿದಿರುತ್ತದೆ. ‘ನಾವು ನಾವೇ ಅಲ್ಲವೇ, ಕಾಗದವೇಕೆ?’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ನಂಬಿಕೆಯಿದ್ದಲ್ಲಿ ಬರೆಹ ಬೇಡ ಎಂಬ ಈ ವಾದ ಎಷ್ಟು ಸರಿ? ಒಂದು ಹಳೆಯ ಯೆಜ್ಡಿಯ ನೆಪದಲ್ಲಿ ಇದನ್ನು ಓದುಗರ ಮುಂದಿಡಲು ಬಯಸುತ್ತೇನೆ.

ನನ್ನ ತಂದೆಯವರ ಬಳಿ ಒಂದು ಯೆಜ್ಡಿ ಇತ್ತು. ಕಟಪಾಡಿಯಿಂದ ಶಂಕರಪುರಕ್ಕೂ ಶಿರ್ವಕ್ಕೂ ಹೋಗುವ ರಸ್ತೆಯಲ್ಲಿ ಅದರ ಸದ್ದು ಕೇಳಿದರೆ ಯಾರು ಬರುತ್ತಿದ್ದಾರೆಂದು ಜನರಿಗೆ ತಿಳಿಯುತ್ತಿತ್ತು. 1998ರಲ್ಲಿ ಅಕ್ಕನ ಮದುವೆಯ ಖರ್ಚಿಗಾಗಿ ಅವರು ಅದನ್ನು ಪರಿಚಿತರೊಬ್ಬರಿಗೆ ಮಾರಿದರು. ಸಹಿ ಹಾಕಿದ ಕಾಗದಗಳನ್ನು ಕೊಟ್ಟರು. ಕೊಂಡವರು ‘ನಾಳೆಯೇ ಹೆಸರು ಬದಲಾಯಿಸುತ್ತೇನೆ’ ಎಂದರು. ಆ ನಾಳೆ ಬರಲಿಲ್ಲ. ಐದು ವರ್ಷಗಳ ನಂತರ ನಮ್ಮ ಮನೆಗೆ ಬಂದದ್ದು ಅಪಘಾತ ಪರಿಹಾರದ ಪ್ರಕರಣವೊಂದರ ನೋಟೀಸು. ಬೈಕು ಯಾರದೋ ಕೈಯಲ್ಲಿ ಪಾದಚಾರಿಯೊಬ್ಬರಿಗೆ ಡಿಕ್ಕಿ ಹೊಡೆದಿತ್ತು. ವಿಮೆಯ ಅವಧಿ ತೀರಿಹೋಗಿತ್ತು. ದಾಖಲೆಯಲ್ಲಿ ಮಾಲಕರು ನನ್ನ ತಂದೆ!

ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿಯಿತು. ಆದರೆ ಅದಕ್ಕೆ ಮೂರು ವರ್ಷ ಹಿಡಿಯಿತು. ಯಾರಿಗೂ ಒಂದು ರೂಪಾಯಿ ಬಾಕಿ ಇರಿಸಿಕೊಳ್ಳದ ಮನುಷ್ಯ, ತಾನು ನೋಡಿಯೇ ಇರದ ಅಪಘಾತಕ್ಕೆ ಉತ್ತರಿಸಲು ನ್ಯಾಯಾಲಯದ ಜಗಲಿಯಲ್ಲಿ ನಿಲ್ಲುತ್ತಿದ್ದರು. ಗಾಯಗೊಂಡ ವ್ಯಕ್ತಿಯ ಮುಖವನ್ನು ನೋಡಿದ ದಿನ ಅವರು ಊಟ ಮಾಡಲಿಲ್ಲವೆಂದು ತಾಯಿ ಹೇಳುತ್ತಿದ್ದರು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮೋಟಾರು ವಾಹನಗಳ ಕಾಯಿದೆ, 1988ರ 50ನೇ ಕಲಮಿನಂತೆ ವಾಹನವನ್ನು ಅದೇ ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವನು 30 ದಿನಗಳೊಳಗೆ ತಾನು ವಾಸಿಸುವ ವ್ಯಾಪ್ತಿಯ ಕಚೇರಿಗೆ ತಿಳಿಸಬೇಕು. ಅದಕ್ಕೆಂದೇ ಫಾರ್ಮ್ 29 ಮತ್ತು ಫಾರ್ಮ್ 30 ಇವೆ. ವಾಹನವನ್ನು ಮಾರಿದ್ದೇನೆ ಎಂದು ಹೇಳಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ, ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಪರಿಹಾರಕ್ಕೆ ಬಾಧ್ಯರಾದ ಮಾಲಕರು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲೂ ವಾಹನವು ಹಲವು ಕೈ ದಾಟಿತ್ತು. ಹೆಸರು ಮಾತ್ರ ಮೊದಲಿನದ್ದೇ ಆಗಿತ್ತು.

ಇಷ್ಟು ವರ್ಷಗಳ ನಂತರ, ತಂದೆಯವರು ವೃದ್ಧಾಪ್ಯದಲ್ಲಿ ಅಂಗಳದ ಕುರ್ಚಿಗೆ ಸೀಮಿತರಾದಾಗ, ಅವರು ಮತ್ತೊಮ್ಮೆ ಯೆಜ್ಡಿಯ ಸದ್ದು ಕೇಳಬೇಕೆಂದು ನನಗೆ ಆಸೆಯಾಯಿತು. ಹುಡುಕಾಟ ಮೈಸೂರಿನಲ್ಲಿ ಕೊನೆಗೊಂಡುದು ಸಹಜವೇ. ಈ ಬೈಕು ಹುಟ್ಟಿದ್ದೇ ಅಲ್ಲಿ. 1960ರಲ್ಲಿ ಆರಂಭಗೊಂಡ ಐಡಿಯಲ್ ಜಾವಾ ಕಂಪೆನಿಯು ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಮೈಸೂರಿನ ಕಾರ್ಖಾನೆಯಲ್ಲಿ ತಯಾರಿಸಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಆ ಎರಡು ಸೈಲೆನ್ಸರುಗಳ ಬೈಕು ಅನೇಕರ ಮನೆಗಳಲ್ಲಿ ಇಂದಿಗೂ ಜೀವಂತವಾಗಿದೆ.

ಮಾರುವವರು ಎಪ್ಪತ್ತು ದಾಟಿದ ಹಿರಿಯರು. ಅವರ ಧರ್ಮ ನನ್ನ ಧರ್ಮವಲ್ಲ. ಫೋನಿನಲ್ಲಿ ಎರಡು ಬಾರಿ ಮಾತನಾಡಿದ್ದನ್ನು ಬಿಟ್ಟರೆ ಪರಸ್ಪರ ಯಾವ ಪರಿಚಯವೂ ಇರಲಿಲ್ಲ. ರಾತ್ರಿಯ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಅವರ ಮನೆಗೆ ತಲುಪಿದೆ. ಚಹಾ ಕೊಟ್ಟ ಬಳಿಕ ಅವರು ಬೈಕಿನ ಗುಣಗಾನ ಮಾಡಲಿಲ್ಲ. ಒಂದು ಕಾಗದದಲ್ಲಿ ನಾಲ್ಕು ದೋಷಗಳನ್ನು ಬರೆದಿಟ್ಟಿದ್ದರು. ಹಿಂದಿನ ಬ್ರೇಕು ಮೃದು. ಬಿಸಿಯಾದಾಗ ಪ್ಲಗ್ ಕರಿ ಹಿಡಿಯುತ್ತದೆ. ಪೆಟ್ರೋಲ್ ಟ್ಯಾಂಕಿಗೆ ಒಳಗಿನಿಂದ ಬೆಸುಗೆ ಹಾಕಿಸಲಾಗಿದೆ. ಒಮ್ಮೆ ಬಿದ್ದು ಮುಂದಿನ ಫೋರ್ಕನ್ನು ನೇರಗೊಳಿಸಲಾಗಿದೆ. ‘ಕಾಣುವ ದೋಷವನ್ನು ನೀವೇ ನೋಡಿಕೊಳ್ಳುತ್ತೀರಿ, ಕಾಣದ್ದನ್ನು ನಾನೇ ಹೇಳಬೇಕಲ್ಲವೇ?’ ಎಂದರು.

ಮದೀನಾದ ಮಾರುಕಟ್ಟೆಯ ಒಂದು ಘಟನೆ ನನಗೆ ನೆನಪಾಯಿತು. ಪ್ರವಾದಿ(ಸ)ರವರು ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಒಳಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಸಮಜಾಯಿಷಿ ಕೊಟ್ಟ. ಹಾಗಿದ್ದರೆ ಜನರು ಕಾಣುವಂತೆ ಅದನ್ನು ಮೇಲೆಯೇ ಇಡಬಹುದಿತ್ತಲ್ಲ ಎಂದು ಅವರು ಕೇಳಿದರು. ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಗಮನಿಸಬೇಕಾದುದು ಇಷ್ಟೇ: ಧಾನ್ಯ ನೆನೆದದ್ದು ಅಪರಾಧವಾಗಿರಲಿಲ್ಲ, ನೆನೆದದ್ದನ್ನು ಅಡಿಯಲ್ಲಿಟ್ಟದ್ದು ಅಪರಾಧವಾಗಿತ್ತು. ಹಳೆಯ ಸರಕಿನಲ್ಲಿ ದೋಷವಿರುವುದು ಸಹಜ. ಅದನ್ನು ರಾಶಿಯ ಮೇಲೆ ತಂದಿಡುವುದು ಮಾರುವವನ ಧರ್ಮ. ಮೈಸೂರಿನ ಆ ಹಿರಿಯರು ಈ ವಚನವನ್ನು ಓದಿದ್ದರೋ ಇಲ್ಲವೋ, ಅದರಂತೆಯೇ ನಡೆದುಕೊಂಡರು.

ಬೆಲೆ ನಿಶ್ಚಯವಾದ ನಂತರ ಅವರು ಒಂದು ಕೋರಿಕೆ ಮುಂದಿಟ್ಟರು. ಹುಣಸೂರು ರಸ್ತೆಯ ಪೆಟ್ರೋಲ್ ಬಂಕಿನವರೆಗೆ ತಾನೇ ಓಡಿಸಿಕೊಂಡು ಬರುತ್ತೇನೆ, ಅಲ್ಲಿಂದ ಬೈಕು ನಿಮ್ಮದು ಎಂದರು. ನಾನು ಹಿಂದೆ ಕುಳಿತೆ. ಹದೀಸ್ ಗ್ರಂಥಗಳಲ್ಲಿ ಬರುವ ಜಾಬಿರ್ ಬಿನ್ ಅಬ್ದುಲ್ಲಾ(ರ)ರ ಒಂಟೆಯ ಕಥೆ ಓದುಗರಿಗೆ ಗೊತ್ತಿರಬಹುದು. ಪ್ರಯಾಣದಲ್ಲಿ ಅವರ ಒಂಟೆ ಬಳಲಿತ್ತು. ಪ್ರವಾದಿ(ಸ)ರವರು ಅದನ್ನು ಕೊಳ್ಳಲು ಮುಂದಾದಾಗ, ಮದೀನಾದ ಮನೆಯವರೆಗೆ ಅದರ ಮೇಲೆಯೇ ಸವಾರಿ ಮಾಡುವೆನೆಂಬ ಷರತ್ತಿನೊಂದಿಗೆ ಜಾಬಿರ್(ರ) ಮಾರಿದರು. ಊರು ತಲುಪಿದ ಮೇಲೆ ಪ್ರವಾದಿ(ಸ)ರವರು ಬೆಲೆಯನ್ನು ತೂಗಿ, ಸ್ವಲ್ಪ ಹೆಚ್ಚಿಗೆ ಸೇರಿಸಿ ಕೊಡಿಸಿದರು. ಬಳಿಕ ಒಂಟೆಯನ್ನೂ ಅವರಿಗೇ ಬಿಟ್ಟುಕೊಟ್ಟರು. ಇಂತಹ ಷರತ್ತು ಇತರ ವ್ಯಾಪಾರಗಳಲ್ಲಿ ಸಿಂಧುವೇ ಎಂಬುದರಲ್ಲಿ ಫಿಕ್ಹ್ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಆದರೆ ಮಾರಿದವನಿಗೂ ತನ್ನ ವಾಹನದ ಮೇಲೆ ಒಂದು ಮಮತೆ ಉಳಿದಿರುತ್ತದೆ, ಕೊಳ್ಳುವವನು ಅದನ್ನು ಗೌರವಿಸಬೇಕು ಎಂಬ ಪಾಠದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಬಂಕಿನಲ್ಲಿ ಅವರು ಪೆಟ್ರೋಲಿಗೆ ಎಣ್ಣೆ ಬೆರೆಸುವ ಅಳತೆಯನ್ನು ತೋರಿಸಿಕೊಟ್ಟರು. ಕಿಕ್ ಹೊಡೆಯುವ ಲಿವರನ್ನೇ ಹೊರಳಿಸಿ ಗೇರ್ ಲಿವರಾಗಿ ಬಳಸುವ ಕ್ರಮವನ್ನು ಕಲಿಸಿದರು. ಕೊನೆಯದಾಗಿ ಒಂದು ಎಚ್ಚರಿಕೆ ಕೊಟ್ಟರು: ‘ಮಡಿಕೇರಿಯಿಂದ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಬಹಳ ದೂರ ಹೋಗಬೇಡಿ.’ ಟೂ ಸ್ಟ್ರೋಕ್ ಇಂಜಿನಿನಲ್ಲಿ ಪಿಸ್ಟನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲಿ ಇಳಿಯುತ್ತಲೇ ಇದ್ದರೆ ಇಂಜಿನ್ ವೇಗವಾಗಿ ತಿರುಗುತ್ತದೆ, ಎಣ್ಣೆ ಮಾತ್ರ ಸಾಕಷ್ಟು ಬರುವುದಿಲ್ಲ. ಆಗಾಗ ಸ್ವಲ್ಪ ತೆರೆದು ಅದಕ್ಕೆ ಉಸಿರು ಕೊಡಬೇಕು. ಹಣ ಕೈಸೇರಿದ ಬಳಿಕವೂ ಕೊಂಡವನ ಪ್ರಯಾಣದ ಚಿಂತೆ ಮಾಡುವ ವ್ಯಾಪಾರಿಯನ್ನು ನಾನು ಅಂದು ಕಂಡೆ.

ಮೈಸೂರಿನಿಂದ ಕಟಪಾಡಿಗೆ ಸುಮಾರು 300 ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟುವವರೆಗೆ ರಸ್ತೆ ಸಮತಟ್ಟು, ಮನಸ್ಸೂ ನಿರಾಳ. ವಾಹನವನ್ನು ಮನುಷ್ಯನ ಅಧೀನಕ್ಕೆ ಕೊಟ್ಟವನನ್ನು ಸ್ತುತಿಸುವ ಪ್ರಯಾಣದ ದುಆವನ್ನು ಹೊರಡುವಾಗಲೇ ಹೇಳಿಕೊಂಡಿದ್ದೆ. ಆ ದುಆ ಕೊನೆಗೊಳ್ಳುವುದು ನಾವೆಲ್ಲರೂ ಪ್ರಭುವಿನ ಕಡೆಗೆ ಮರಳುವವರೆಂಬ ನೆನಪಿನೊಂದಿಗೆ. ಮಡಿಕೇರಿ ದಾಟಿ ಸಂಪಾಜೆಯ ಕಡೆಗೆ ಇಳಿಯತೊಡಗಿದಾಗ ಆ ನೆನಪು ಬಲವಾಯಿತು. ತಿರುವಿನ ಮೇಲೆ ತಿರುವು. ಹಿಂದಿನ ಬ್ರೇಕು ಕಾಗದದಲ್ಲಿ ಬರೆದಿದ್ದಷ್ಟೇ ಮೃದು. 2018ರ ಆಗಸ್ಟಿನ ಭೂಕುಸಿತದಲ್ಲಿ ನಲುಗಿದ ಜೋಡುಪಾಲದ ಬಳಿ ಬೆಟ್ಟದ ಮೈಯನ್ನು ನೋಡುತ್ತಾ ನಿಧಾನವಾಗಿ ಇಳಿದೆ.

ಅಲ್ಲಿಯೇ ಒಂದು ತಿರುವಿನಲ್ಲಿ ಎದುರಿನಿಂದ ಲಾರಿಯೊಂದು ರಸ್ತೆಯ ಮಧ್ಯಕ್ಕೆ ಬಂತು. ಬೈಕನ್ನು ಅಂಚಿಗೆ ಒತ್ತಿ ನಿಲ್ಲಿಸಿದೆ. ಕೈಯಳತೆಯ ಅಂತರದಲ್ಲಿ ಅದು ಸಾಗಿಹೋಯಿತು. ಎದೆಬಡಿತ ಇಳಿದಾಗ ಮೊದಲು ಹೊಳೆದದ್ದು ನನ್ನ ಪ್ರಾಣದ ವಿಚಾರವಲ್ಲ. ಈ ಘಳಿಗೆಯಲ್ಲಿ ಈ ಬೈಕಿನಿಂದ ಯಾರಿಗಾದರೂ ಏನಾದರೂ ಆದರೆ ನೋಟೀಸು ಹೋಗುವುದು ಮೈಸೂರಿನ ಆ ಮನೆಗೆ ಎಂಬುದು. ಹಣ ನಾನು ಕೊಟ್ಟಿದ್ದೆ, ಕೀಲಿಕೈ ನನ್ನಲ್ಲಿತ್ತು. ಆದರೆ ಆ 300 ಕಿಲೋಮೀಟರುಗಳನ್ನು ನಾನು ಇನ್ನೊಬ್ಬರ ಹೆಸರಿನ ಮೇಲೆ ಸವಾರಿ ಮಾಡುತ್ತಿದ್ದೆ. ಅವರ ಹೆಸರು ನನ್ನ ಬಳಿಯಿದ್ದ ಅಮಾನತ್ತಾಗಿತ್ತು. ತಂದೆಯವರು ನ್ಯಾಯಾಲಯದ ಜಗಲಿಯಲ್ಲಿ ನಿಂತ ಆ ಮೂರು ವರ್ಷಗಳ ಅರ್ಥ ನನಗೆ ಪೂರ್ಣವಾಗಿ ತಿಳಿದದ್ದು ಸಂಪಾಜೆಯ ಆ ತಿರುವಿನಲ್ಲಿ.

ಸುಳ್ಯದಲ್ಲಿ ಳುಹರ್ ಮತ್ತು ಅಸರ್ ನಮಾಝ್‌ಗಳನ್ನು ಪ್ರಯಾಣಿಕನ ರಿಯಾಯಿತಿಯಂತೆ ಸಂಕ್ಷೇಪಿಸಿ, ಜೊತೆಗೂಡಿಸಿ ನಿರ್ವಹಿಸಿದೆ. ಹೊರಬಂದಾಗ ಬೈಕು ಸ್ಟಾರ್ಟ್ ಆಗಲಿಲ್ಲ. ಪ್ಲಗ್ ಕರಿ ಹಿಡಿದಿತ್ತು. ಸಮೀಪದ ಗ್ಯಾರೇಜಿನ ತರುಣ ಅದನ್ನು ಉಜ್ಜಿ ಹೊಳಪಿಸಿ ಹಾಕಿಕೊಟ್ಟ. ನಂಬರನ್ನು ನೋಡಿ, ‘ಮೈಸೂರಿನ ಗಾಡಿ. ಹೆಸರು ಬದಲಾಯಿಸಿದಿರಾ, ಹಾಗೆಯೇ ಓಡಿಸುವುದಾ?’ ಎಂದು ಕೇಳಿದ. ಬದಲಾಯಿಸಲಿಕ್ಕಿದೆ ಎಂದಾಗ, ‘ಹೆಚ್ಚಿನವರು ಹಾಗೆಯೇ ಓಡಿಸುವುದು’ ಎಂದು ನಕ್ಕ. ಪುತ್ತೂರು, ಮಂಗಳೂರು, ಮುಲ್ಕಿ, ಪಡುಬಿದ್ರಿ, ಕಾಪು ದಾಟಿ ಇಶಾದ ಹೊತ್ತಿಗೆ ಮನೆ ಸೇರಿದೆ. ತಂದೆಯವರು ಸದ್ದು ಕೇಳಿ ಕುರ್ಚಿಯಿಂದ ಏಳಲು ಯತ್ನಿಸಿದರು. ಬೈಕನ್ನು ಮುಟ್ಟಿ ನೋಡಿದ ಬಳಿಕ ಕೇಳಿದ ಮೊದಲ ಪ್ರಶ್ನೆ, ‘ಕಾಗದ ಯಾವಾಗ ಮಾಡಿಸುತ್ತೀ?’

ಈಗ ಮೊದಲಿನ ವಾದಕ್ಕೆ ಬರೋಣ. ನಂಬಿಕೆಯಿರುವಲ್ಲಿ ಬರೆಹವೇಕೆ? ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತವು ಅಲ್‌ಬಕರಾ ಅಧ್ಯಾಯದ 282ನೆಯದು. ಅದರ ವಿಷಯ ಸ್ವರ್ಗವೂ ಅಲ್ಲ, ನರಕವೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ವಿಧಾನ. ಸಣ್ಣದಿರಲಿ, ದೊಡ್ಡದಿರಲಿ, ಅವಧಿಯೊಂದಿಗೆ ಬರೆದಿಡಲು ಬೇಸರಿಸಬಾರದೆಂದು ಅದು ಕಲಿಸುತ್ತದೆ. ಅದು ಮಾತನಾಡುತ್ತಿರುವುದು ವಿಶ್ವಾಸಿಗಳೊಡನೆ, ಅಂದರೆ ಪರಸ್ಪರ ನಂಬಬೇಕಾದವರೊಡನೆ. ಕೈಯಿಂದ ಕೈಗೆ ನಡೆದು ಅಲ್ಲಿಯೇ ಮುಗಿಯುವ ವ್ಯಾಪಾರಕ್ಕೆ ಬರೆಹದಿಂದ ವಿನಾಯಿತಿ ಇದೆ, ಬೈಕಿನ ವ್ಯಾಪಾರವೂ ಹಾಗೆಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಒಂದು ಬುಟ್ಟಿ ಮಟ್ಟುಗುಳ್ಳವನ್ನು ಮಾರಿದವನ ಮೇಲೆ ಮರುದಿನ ಯಾವ ಹೊಣೆಯೂ ಉಳಿಯುವುದಿಲ್ಲ. ಬೈಕು ಮಾರಿದವನ ಮೇಲೆ ಹೆಸರು ಬದಲಾಗುವವರೆಗೆ ಪ್ರತಿದಿನವೂ ಹೊಣೆ ಉಳಿಯುತ್ತದೆ. ಆ ಹೊಣೆಯಿಂದ ಅವನನ್ನು ಬಿಡಿಸುವುದು ಕೊಂಡವನು ತೀರಿಸಬೇಕಾದ ಸಾಲ. ಬೆಲೆಯ ಕೊನೆಯ ಕಂತು ಅದೇ.

ಬರೆಹವು ನಂಬಿಕೆಗೆ ಮಾಡುವ ಅವಮಾನವಲ್ಲ, ನಂಬಿಕೆಗೆ ಕೊಡುವ ಕಾವಲು. ದೋಷಗಳನ್ನು ಬರೆದುಕೊಟ್ಟು ಆ ಹಿರಿಯರು ನನ್ನನ್ನು ರಕ್ಷಿಸಿದರು. ಫಾರ್ಮುಗಳನ್ನು ಸಲ್ಲಿಸಿ ನಾನು ಅವರನ್ನು ರಕ್ಷಿಸಬೇಕಿತ್ತು. ಆ ವಾರದಲ್ಲಿಯೇ ಎರಡೂ ಫಾರ್ಮುಗಳು, ಆರ್‌ಸಿ, ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರಗಳೊಂದಿಗೆ ಉಡುಪಿಯ ಸಾರಿಗೆ ಕಚೇರಿಯಲ್ಲಿ ಅರ್ಜಿ ಸಲ್ಲಿಸಿದೆ. ವಾಹನದೊಂದಿಗೆ ವಿಮೆಯೂ ವರ್ಗವಾಯಿತೆಂದು ಕಾನೂನು ಭಾವಿಸುತ್ತದೆಯಾದರೂ, ಪಾಲಿಸಿಯಲ್ಲಿ ಹೆಸರು ತಿದ್ದಿಸಲು 14 ದಿನಗಳೊಳಗೆ ವಿಮಾ ಕಂಪೆನಿಗೆ ಅರ್ಜಿ ಕೊಡಬೇಕು, ಅದನ್ನೂ ಪೂರೈಸಿದೆ. ಹೊಸ ಆರ್‌ಸಿ ಬಂದ ದಿನ ಅದರ ಚಿತ್ರವನ್ನು ಮೈಸೂರಿಗೆ ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಅವರ ಫೋನ್ ಬಂತು. ‘ಇವತ್ತು ನಾನು ಬೈಕು ಮಾರಿದೆ’ ಎಂದರು.

ಪ್ರಿಯ ಓದುಗರೇ, ನಿಮ್ಮ ಅಂಗಳದಲ್ಲಿ ನಿಂತಿರುವ ವಾಹನದ ಕಾಗದವನ್ನು ಇಂದು ತೆರೆದು ನೋಡಿ. ಅದರಲ್ಲಿ ಬೇರೆ ಯಾರದೋ ಹೆಸರಿದ್ದರೆ, ಆ ವ್ಯಕ್ತಿ ದಮ್ಮಾಮಿನಲ್ಲಿರಲಿ, ಪಕ್ಕದ ಬೀದಿಯಲ್ಲಿರಲಿ, ನಿಮ್ಮ ಪ್ರತಿಯೊಂದು ಸವಾರಿಯ ಹೊರೆಯನ್ನು ಅವರು ತಮಗರಿವಿಲ್ಲದೆ ಹೊರುತ್ತಿದ್ದಾರೆ. ನೀವು ಮಾರಿದವರಾಗಿದ್ದರೂ ಸುಮ್ಮನಿರಬೇಡಿ; ಮಾರಾಟವನ್ನು ಕಚೇರಿಗೆ ತಿಳಿಸುವುದು ನಿಮ್ಮ ಕರ್ತವ್ಯವೂ ಹೌದು. ಇನ್ನೊಬ್ಬರ ಹೆಗಲಿನ ಹೊರೆಯನ್ನು ಇಳಿಸುವುದು ಪುಣ್ಯವೆಂದು ನಾವು ಸಭೆಗಳಲ್ಲಿ ಕೇಳುತ್ತೇವೆ. ಕೆಲವೊಮ್ಮೆ ಆ ಪುಣ್ಯಕ್ಕೆ ಬೇಕಾಗಿರುವುದು ಎರಡು ಫಾರ್ಮುಗಳು ಮತ್ತು ಒಂದು ಬೆಳಗಿನ ಸಮಯ ಮಾತ್ರ.