ಉಪ್ಪಿಲ್ಲದ ಬ್ರೆಡ್ಡು, ನೆರಳಿಲ್ಲದ ತೋಪು

ಇಟಲಿಯ ಉಂಬ್ರಿಯಾ ಪ್ರಾಂತ್ಯದ ಒಂದು ಆಲಿವ್ ತೋಪಿನಲ್ಲಿ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ನನ್ನ ಮಗಳ ಹೆಸರು ನನಗೆ ಮರೆತುಹೋಯಿತು. ಅವಳು ಎದುರಿಗೇ ಮಂಡಿಯೂರಿ ಕೂತು ನನ್ನ ಕೆನ್ನೆ ತಟ್ಟುತ್ತಿದ್ದಳು. ಈ ಹುಡುಗಿಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತಿತ್ತು, ಯಾರೆಂದು ಹೊಳೆಯುತ್ತಿರಲಿಲ್ಲ. ಅದು 2023ರ ಜುಲೈ ತಿಂಗಳ ಮೂರನೇ ವಾರ. ಆ ದಿನ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲಿ. ಬ್ಯಾಂಕಿನ ಕೆಲಸ ಸಿಕ್ಕ ಮೇಲೆ ಇಪ್ಪತ್ತೆಂಟು ವರ್ಷ ಬೆಂಗಳೂರು. ನಿವೃತ್ತಿಯಾದ ವರ್ಷವೇ, ಪೆರುಜಾದಲ್ಲಿ ಓದುತ್ತಿದ್ದ ಮಗಳ ಹತ್ತಿರ ಹೋದೆ. ಅಲ್ಲಿ ಸಂತ ಫ್ರಾನ್ಸಿಸ್ ಓಡಾಡಿದ ಊರುಗಳನ್ನು ಜೋಡಿಸುವ ಒಂದು ಕಾಲುದಾರಿಯಿದೆ. ಟಸ್ಕನಿಯ ಲಾ ವೆರ್ನಾದಿಂದ ಹೊರಟು, ಅಸ್ಸಿಸಿಯ ಮೇಲೆ ಹಾದು, ರೋಮ್ ತನಕ ಹೋಗುತ್ತದೆ. ಅದರಲ್ಲಿ ಅಸ್ಸಿಸಿಯಿಂದ ಸ್ಪೊಲೆತೊವರೆಗಿನ ಮೂರು ದಿನದ ಹಾದಿಯನ್ನು ನಾವಿಬ್ಬರೂ ನಡೆಯುವುದೆಂದು ಗೊತ್ತುಮಾಡಿಕೊಂಡೆವು.

ಆ ವಾರ ಯೂರೋಪಿನ ದಕ್ಷಿಣಕ್ಕೆ ಬಿಸಿಗಾಳಿ ಬೀಸುತ್ತಿತ್ತು. ರೋಮ್ ನಗರದಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿತ್ತು. ಇಟಲಿಯ ಆರೋಗ್ಯ ಸಚಿವಾಲಯ ಹಲವು ನಗರಗಳಿಗೆ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಮಗಳು ಎರಡು ಸಲ ಕೇಳಿದಳು, "ಅಮ್ಮ, ಸೆಪ್ಟೆಂಬರ್‌ನಲ್ಲಿ ಹೋಗೋಣ್ವಾ?" ನಾನು ಹೇಳಿದೆ, "ಬಳ್ಳಾರಿಯವಳಿಗೆ ಬಿಸಿಲಿನ ಭಯ ಹೇಳ್ತೀಯಾ?" ಈ ಮಾತನ್ನು ನಾನು ನಿಜವಾಗಿ ನಂಬಿದ್ದೆ. ತಪ್ಪು ಶುರುವಾದದ್ದೇ ಅಲ್ಲಿ.

ಮೊದಲ ದಿನ ಸುಬಾಸಿಯೊ ಬೆಟ್ಟದ ಮಗ್ಗುಲಲ್ಲಿ ನಡೆದು ಸ್ಪೆಲ್ಲೊ ಸೇರಿದೆವು. ಎರಡನೆಯ ದಿನ ಫೊಲಿಞೊ ಪಟ್ಟಣದ ಮೇಲೆ ಹಾದು ತ್ರೆವಿ ಹತ್ತಿದೆವು. ತ್ರೆವಿ ಎಂದರೆ ಗುಡ್ಡದ ನೆತ್ತಿಗೆ ಸುರುಳಿ ಸುತ್ತಿದ ಹಾಗಿರುವ ಕಲ್ಲಿನ ಊರು, ಅದರ ಸುತ್ತ ಕಣ್ಣು ಹಾಯುವಷ್ಟೂ ಆಲಿವ್. ಅಸ್ಸಿಸಿಯಿಂದ ಸ್ಪೊಲೆತೊವರೆಗೆ ಬೆಟ್ಟದ ಇಳಿಜಾರಿನುದ್ದಕ್ಕೂ ಹಬ್ಬಿದ ಈ ತೋಪುಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿದೆ. ಮಣ್ಣು ತೆಳು, ಸುಣ್ಣಕಲ್ಲಿನ ನೆಲ. ಮಳೆಗೆ ಮಣ್ಣು ಕೊಚ್ಚಿಹೋಗದಿರಲೆಂದು ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಬದು ಕಟ್ಟಿದ್ದಾರೆ. ಕೆಲವು ಕಡೆ ಒಂದೊಂದು ಮರಕ್ಕೂ ಅರ್ಧಚಂದ್ರದಂಥ ಕಟ್ಟೆಯಿದೆ. ತಲೆಮಾರುಗಳ ರೈತರು ಕಲ್ಲು ಹೊತ್ತು ಮಾಡಿದ ಕೆಲಸ ಅದು. ನೋಡಿ ಕೈ ಮುಗಿಯಬೇಕು ಅನ್ನಿಸಿತು.

ಆ ಮೂರು ದಿನ ನನ್ನ ಊಟ ಏನಿತ್ತು ಎಂಬುದು ಈ ಕಥೆಯಲ್ಲಿ ಮುಖ್ಯ. ಉಂಬ್ರಿಯಾದ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. 1540ರಲ್ಲಿ ಪೋಪ್ ಮೂರನೆಯ ಪಾಲ್ ಉಪ್ಪಿನ ತೆರಿಗೆ ಏರಿಸಿದಾಗ ಪೆರುಜಾದ ಜನ ದಂಗೆ ಎದ್ದರು. ಪೋಪನ ಸೈನ್ಯ ಅವರನ್ನು ಸೋಲಿಸಿತು. ಅಂದಿನಿಂದ ಇಲ್ಲಿಯವರು ಉಪ್ಪಿಲ್ಲದ ಬ್ರೆಡ್ಡನ್ನೇ ತಿನ್ನುತ್ತಾ ಬಂದರು ಎಂದು ಜನ ಹೇಳುತ್ತಾರೆ. ಅವರಿಗೆ ಅದರಿಂದ ತೊಂದರೆಯಿಲ್ಲ. ಬ್ರೆಡ್ಡಿನ ಜೊತೆ ಉಪ್ಪು ಹಾಕಿ ಒಣಗಿಸಿದ ಮಾಂಸ ಇರುತ್ತದೆ, ಕುರಿ ಹಾಲಿನ ಖಾರ ಚೀಸ್ ಇರುತ್ತದೆ. ನಾನು ಮಾಂಸ ತಿನ್ನುವವಳಲ್ಲ. ಆ ಚೀಸ್‌ನ ವಾಸನೆಯೂ ನನಗೆ ಆಗಲಿಲ್ಲ. ಹಾಗಾಗಿ ಬರೀ ಬ್ರೆಡ್ಡು, ಪೀಚ್ ಹಣ್ಣು, ಟೊಮೆಟೊ. ಬಾಯಾರಿದಾಗಲೆಲ್ಲ ನೀರು. ಊರೂರಿನ ನಲ್ಲಿಕಟ್ಟೆಯಲ್ಲಿ ಬಾಟಲಿ ತುಂಬಿಸಿಕೊಂಡು ದಿನಕ್ಕೆ ಐದಾರು ಲೀಟರ್ ಕುಡಿದೆ. ನೀರು ಕುಡಿಯುತ್ತಿದ್ದೇನಲ್ಲ, ಇನ್ನೇನು ಆಗುತ್ತದೆ ಎಂದುಕೊಂಡಿದ್ದೆ.

ಮೂರನೆಯ ದಿನ ಬೆಳಿಗ್ಗೆ ಆರಕ್ಕೇ ಹೊರಡಬೇಕಿತ್ತು. ಮಗಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಔಷಧಿ ಅಂಗಡಿ ತೆಗೆಯುವವರೆಗೆ ಕಾದು, ಪಟ್ಟಿ ಕಟ್ಟಿಸಿ, ಹೊರಟಾಗ ಒಂಬತ್ತೂವರೆ. ಸ್ಪೊಲೆತೊಗೆ ಹತ್ತಿರ ಹತ್ತಿರ 20 ಕಿಲೋಮೀಟರ್. ಆಗಲೇ ನನಗೆ ತಲೆ ಸಿಡಿಯುತ್ತಿತ್ತು, ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಅಲ್ಲಿಂದಲೇ ರೈಲು ಹತ್ತಿಸುತ್ತಿದ್ದಳು.

ತ್ರೆವಿಯ ಕೆಳಗೆ ಬೋವಾರ ಎಂಬ ಹಳ್ಳಿಯ ಹತ್ತಿರ ಒಂದು ಪುರಾತನ ಆಲಿವ್ ಮರವಿದೆ. ವಯಸ್ಸು ಸಾವಿರದ ಏಳುನೂರು ವರ್ಷ ಎನ್ನುತ್ತಾರೆ. ಕ್ರಿ.ಶ. 304ರಲ್ಲಿ ಬಿಷಪ್ ಎಮಿಲಿಯಾನೊ ಅವರನ್ನು ಆ ಮರಕ್ಕೆ ಕಟ್ಟಿ ತಲೆ ಕಡಿದರೆಂದು ಐತಿಹ್ಯ. ಕಾಂಡ ಸೀಳಿ ಹರಡಿಕೊಂಡಿದ್ದರೂ ಎಲೆ ಚಿಗುರುತ್ತಿದೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ. ಆಮೇಲೆ ಆ ಫೋಟೊ ನೋಡಿದಾಗ ನನ್ನ ಮುಖ ಕೆಂಪಗೆ ಊದಿಕೊಂಡಂತಿತ್ತು. ಎಚ್ಚರಿಕೆ ನನ್ನ ಮುಖದ ಮೇಲೇ ಬರೆದಿತ್ತು, ಓದುವಷ್ಟು ತಿಳಿವಳಿಕೆ ಇರಲಿಲ್ಲ.

ಹನ್ನೊಂದರ ನಂತರ ದಾರಿಯಲ್ಲಿ ಒಂದು ನರಪಿಳ್ಳೆಯೂ ಕಾಣಲಿಲ್ಲ. ಮನೆಗಳ ಕಿಟಕಿಯೆಲ್ಲ ಮುಚ್ಚಿದ್ದವು. ಜೀರುಂಡೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮರಗಳ ನಡುವೆಯೇ ನಡೆಯುತ್ತಿದ್ದೆವು, ಆದರೆ ನೆರಳಿಲ್ಲ. ಆಲಿವ್ ಮರದ ಎಲೆ ಸಣ್ಣದು, ಕಿರಿದು. ಅದರ ಮೇಲೆ, ಕಾಯಿಗೆ ಬಿಸಿಲು ತಾಗಲಿ ಎಂದು ರೈತರು ಮರದ ನಡು ಬಯಲಾಗುವಂತೆ ಕೊಂಬೆ ಸವರುತ್ತಾರೆ. ನಮ್ಮ ಹೊಂಗೆಯ ಕೆಳಗೆ, ಹುಣಸೆಯ ಕೆಳಗೆ ಕೂತ ಹಾಗೆ ಅಲ್ಲಿ ಕೂರಲಾಗದು. ಕೆಳಗೆ ಬಯಲಿನಲ್ಲಿ ಕ್ಲಿತುನ್ನೊ ನದಿಯ ದಂಡೆಯ ಪಾಪ್ಲರ್ ಮರಗಳು ಹಸಿರಾಗಿ ಕಾಣುತ್ತಿದ್ದವು. ನೀರು ಅಷ್ಟು ಹತ್ತಿರ, ನಾವಿದ್ದ ಇಳಿಜಾರಿನಲ್ಲಿ ಕಲ್ಲು ಕಾದು ಕೆಂಡವಾಗಿತ್ತು.

ಮೊದಲು ಮೀನಖಂಡ ಸೆಟೆದುಕೊಂಡಿತು. ತಿಕ್ಕಿ ಎದ್ದೆ. ಸ್ವಲ್ಪ ದೂರ ಹೋದ ಮೇಲೆ ವಾಂತಿಯಾಯಿತು. "ಅಮ್ಮ, ನೀರು ಕುಡಿ" ಎಂದು ಮಗಳು ಬಾಟಲಿ ಕೊಟ್ಟಳು. ಕುಡಿದೆ, ಮತ್ತೆ ವಾಂತಿ. ಇನ್ನಷ್ಟು ಕುಡಿಸಿದಳು. ಬದುವಿನ ಕಲ್ಲಿಗೆ ಒರಗಿ ಕೂತವಳಿಗೆ ಏಳಲು ಆಗಲಿಲ್ಲ. ಆಗ ಬಳ್ಳಾರಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದೇನೆ, ಅಮ್ಮ ಒಳಗಿನಿಂದ ಕರೆಯುತ್ತಿದ್ದಾಳೆ ಅನ್ನಿಸಿತು. ಅಮ್ಮ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಹೆದರಿಕೆಯೇ ಆಗಲಿಲ್ಲ ನನಗೆ. ಈಗ ಅದನ್ನು ನೆನೆದರೆ ಮೈ ನಡುಗುತ್ತದೆ.

ಮುಂದಿನದು ಮಗಳು ಹೇಳಿದ್ದು. ನನ್ನನ್ನು ಇದ್ದುದರಲ್ಲೇ ದಪ್ಪನೆಯ ಮರದ ಕಾಂಡದ ಮರೆಗೆ ಎಳೆದು, ದುಪಟ್ಟಾ ಒದ್ದೆಮಾಡಿ ತಲೆಗೆ ಹಾಕಿ, ಬೊಬ್ಬೆಯ ಕಾಲಿನಲ್ಲೇ ಇಳಿಜಾರು ಓಡಿದಳು. ಕಂಡ ಮೊದಲ ಮನೆಯ ಬಾಗಿಲು ಬಡಿದು "ಆಯುತೊ, ಆಯುತೊ" ಎಂದು ಕೂಗಿದಳು. ಕಾಪಾಡಿ ಎಂದು ಅರ್ಥ. ವಯಸ್ಸಾದ ಗಂಡ ಹೆಂಡತಿ ಊಟಕ್ಕೆ ಕೂತಿದ್ದವರು ತಟ್ಟೆ ಬಿಟ್ಟು ಎದ್ದು ಬಂದರು. ಅಜ್ಜಿ 112ಕ್ಕೆ ಫೋನ್ ಮಾಡಿದರು. ಮೈಮೇಲಿನ ಬಟ್ಟೆ ಸಡಿಲಿಸಿ, ನೀರು ಸಿಂಪಡಿಸಿ ಗಾಳಿ ಹಾಕಿ, ಎಚ್ಚರ ಸರಿಯಾಗಿ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ ಎಂದು ಆ ಕಡೆಯಿಂದ ಹೇಳಿದರು. ಆಂಬುಲೆನ್ಸ್ ಆ ಮಣ್ಣಿನ ದಾರಿಗೆ ಬರುವಂತಿರಲಿಲ್ಲ. ಅಜ್ಜ ತಮ್ಮ ಮೂರು ಚಕ್ರದ ಗಾಡಿ ತಂದರು. ನಮ್ಮ ಕಡೆ ತರಕಾರಿ, ಸಿಮೆಂಟು ಸಾಗಿಸುವ ಅದೇ ಆಪೆ ಗಾಡಿ. ಇಟಲಿಯ ಭಾಷೆಯಲ್ಲಿ ಆಪೆ ಎಂದರೆ ಜೇನುನೊಣ. ಅದರ ಹಿಂಭಾಗದಲ್ಲಿ ಒದ್ದೆ ಗೋಣಿಯ ಮೇಲೆ ನನ್ನನ್ನು ಮಲಗಿಸಿ, ಅಜ್ಜಿ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಟವೆಲ್ ಬೀಸಿದರು. ನನಗೆ ನೆನಪಿರುವುದು ಆ ಟವೆಲ್ಲಿನ ಗಾಳಿ ಮಾತ್ರ.

ಆಸ್ಪತ್ರೆಯಲ್ಲಿ ಜ್ವರ ನೋಡಿದಾಗ 39.6 ಡಿಗ್ರಿ ಸೆಲ್ಸಿಯಸ್. ರಕ್ತದಲ್ಲಿ ಸೋಡಿಯಂ 135ರಿಂದ 145 ಇರಬೇಕಾದದ್ದು 124ಕ್ಕೆ ಇಳಿದಿತ್ತು. ವೈದ್ಯೆ ಕೇಳಿದ ಮೊದಲ ಪ್ರಶ್ನೆ, "ಮೂರು ದಿನದಿಂದ ಏನು ತಿಂದಿದ್ದೀರಿ?" ಮಗಳು ಹೇಳಿದ್ದನ್ನು ಕೇಳಿ ಅವರು ಬಿಡಿಸಿ ವಿವರಿಸಿದರು. ಬೆವರಿನ ಜೊತೆ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಹೋದ ಉಪ್ಪನ್ನು ತುಂಬದೆ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಳಿದ ಉಪ್ಪು ಇನ್ನಷ್ಟು ತೆಳುವಾಗುತ್ತದೆ. ಆಗ ಮಿದುಳಿನ ಜೀವಕೋಶಗಳು ನೀರು ಹೀರಿ ಊದಿಕೊಳ್ಳುತ್ತವೆ. ತಲೆನೋವು, ವಾಂತಿ, ಕಾಲು ಹಿಡಿತ, ಗೊಂದಲ ಎಲ್ಲ ಅದರ ಗುರುತು. ಇನ್ನೂ ತಡವಾಗಿದ್ದರೆ ಮೂರ್ಛೆರೋಗದಂತೆ ಸೆಳೆತ ಬಂದು ಪ್ರಾಣವೇ ಹೋಗಬಹುದಿತ್ತು. ಬಿಸಿಲಿನ ಬಳಲಿಕೆ, ಉಪ್ಪಿನ ಕೊರತೆ ಎರಡೂ ಒಟ್ಟಿಗೆ ನನ್ನನ್ನು ಕೆಡವಿದ್ದವು. ಮಗಳು ಪ್ರೀತಿಯಿಂದ ಕುಡಿಸಿದ ನೀರು ಕೂಡ ಆ ಹೊತ್ತಿನಲ್ಲಿ ನನಗೆ ಕೇಡೇ ಮಾಡಿತ್ತು. ಸೋಡಿಯಂ ಅನ್ನು ಒಮ್ಮೆಲೇ ಏರಿಸಬಾರದಂತೆ. ಡ್ರಿಪ್ ಹಾಕಿ ನಿಧಾನವಾಗಿ ಸರಿಮಾಡಲು ಎರಡು ದಿನ ಹಿಡಿಯಿತು.

ಹಾಸಿಗೆಯಲ್ಲಿ ಮಲಗಿ ಆ ಎರಡು ದಿನ ಯೋಚಿಸಿದೆ. ಬಳ್ಳಾರಿಯ ಬಿಸಿಲಲ್ಲಿ ಬೆಳೆದ ನಾನು ಹೀಗೇಕೆ ಬಿದ್ದೆ? ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು, ಬಿಸಿಲು ಬಿಟ್ಟು ಕೆಲವೇ ವಾರಗಳಲ್ಲಿ ಆ ಒಗ್ಗುವಿಕೆ ಕಳೆದುಹೋಗುತ್ತದೆ ಎಂದು ವೈದ್ಯೆ ಹೇಳಿದ್ದರು. ಇಪ್ಪತ್ತೆಂಟು ವರ್ಷ ಬೆಂಗಳೂರಿನ ತಂಪಿನಲ್ಲಿ ಕೂತವಳ ಮೈಯಲ್ಲಿ ಬಳ್ಳಾರಿ ಎಲ್ಲಿ ಉಳಿದಿರುತ್ತದೆ? ಅದಕ್ಕಿಂತ ದೊಡ್ಡ ಉತ್ತರ ಆಮೇಲೆ ಹೊಳೆಯಿತು. ಬೇಸಿಗೆಯಲ್ಲಿ ಅಮ್ಮ ಹೊಲಕ್ಕೆ ಹೊರಡುತ್ತಿದ್ದುದು ಬೆಳಕು ಹರಿಯುವ ಮೊದಲು. ಹತ್ತಕ್ಕೆಲ್ಲ ವಾಪಸ್. ಬುತ್ತಿಯಲ್ಲಿ ರೊಟ್ಟಿ, ಉಪ್ಪಿನಕಾಯಿ. ಬಂದ ಕೂಡಲೇ ಉಪ್ಪು ಹಾಕಿದ ಒಂದು ಚೊಂಬು ಮಜ್ಜಿಗೆ. ಹೊತ್ತು ಇಳಿಯುವವರೆಗೆ ಬಾಗಿಲು ಮುಚ್ಚಿ ಮಲಗುತ್ತಿದ್ದೆವು. ಬಿಸಿಲು ತಡೆಯುವ ಶಕ್ತಿ ನಮ್ಮ ರಕ್ತದಲ್ಲಿರಲಿಲ್ಲ. ಆ ಉಪ್ಪಿನಲ್ಲಿತ್ತು, ಆ ಮಜ್ಜಿಗೆಯಲ್ಲಿತ್ತು, ಮುಚ್ಚಿದ ಆ ಬಾಗಿಲಿನಲ್ಲಿತ್ತು. ಉಂಬ್ರಿಯಾದ ರೈತರೂ ಮಧ್ಯಾಹ್ನ ಕಿಟಕಿ ಮುಚ್ಚಿ ಅದನ್ನೇ ಮಾಡುತ್ತಿದ್ದರು. ಅಮ್ಮ ಕಲಿಸಿದ್ದನ್ನು ನಾನು ಮರೆತಿದ್ದೆ, ಕಣ್ಣೆದುರಿಗೆ ಕಂಡದ್ದನ್ನೂ ಗಮನಿಸಲಿಲ್ಲ.

ಹತ್ತು ದಿನದ ಮೇಲೆ ಆ ಅಜ್ಜ ಅಜ್ಜಿಯ ಮನೆಗೆ ಹೋದೆವು. ನಮಸ್ಕಾರ ಮಾಡಿದೆ. ಅವರಿಗೆ ಅದು ಹೊಸದು, ಆದರೂ ಅಜ್ಜಿ ತಲೆ ಮೇಲೆ ಕೈ ಇಟ್ಟರು. ಬರುವಾಗ ಕ್ಲಿತುನ್ನೊ ನದಿಯ ಮೂಲ ನೋಡಿದೆವು. ಬೆಟ್ಟದ ಬುಡದಲ್ಲಿ ಬುಗ್ಗೆಯಾಗಿ ಏಳುವ ಆ ನೀರು ಎಷ್ಟು ತಿಳಿಯೆಂದರೆ, ತಳಕ್ಕೆ ಎಸೆದ ನಾಣ್ಯಗಳನ್ನು ಎಣಿಸಬಹುದು ಎಂದು ರೋಮನ್ ಲೇಖಕ ಕಿರಿಯ ಪ್ಲಿನಿ ಹತ್ತೊಂಬತ್ತು ಶತಮಾನಗಳ ಹಿಂದೆಯೇ ಕಾಗದ ಬರೆದಿದ್ದ. ದಡದಲ್ಲಿ ತುಂಬಾ ಹೊತ್ತು ಕೂತಿದ್ದೆ. ಪಕ್ಕದಲ್ಲಿದ್ದ ಮಗಳನ್ನು ಹೆಸರು ಹಿಡಿದು ಕರೆದೆ. "ಏನಮ್ಮ?" ಎಂದಳು. ಏನೂ ಇರಲಿಲ್ಲ, ಕರೆಯಬೇಕು ಅನ್ನಿಸಿತ್ತು.

ಚಾರಣಕ್ಕೆ ಹೋಗುವವರಲ್ಲಿ, ಬೇಸಿಗೆಯಲ್ಲಿ ಹೊಲದಲ್ಲಿ, ರಸ್ತೆ ಕೆಲಸದಲ್ಲಿ ದುಡಿಯುವವರಲ್ಲಿ, ಅವರಿಗೆ ಬುತ್ತಿ ಕಟ್ಟುವ ಮನೆಯವರಲ್ಲಿ ನನ್ನದೊಂದು ವಿನಂತಿ. ನಡು ಮಧ್ಯಾಹ್ನ ಬಿಸಿಲಿಗೆ ಇಳಿಯಬೇಡಿ. ತಲೆನೋವು ಬಂದರೆ ಜೊತೆಯವರಿಗೆ ಕೂಡಲೇ ಹೇಳಿ. ಹೆಚ್ಚು ಬೆವರಿದ ದಿನ ಬರೀ ನೀರಿನ ಮೇಲೆ ಇರಬೇಡಿ, ಉಪ್ಪು ಹಾಕಿದ ಮಜ್ಜಿಗೆಯನ್ನೋ ಓಆರ್‌ಎಸ್ ಅನ್ನೋ ಜೊತೆಗಿಟ್ಟುಕೊಳ್ಳಿ. ಯೂರೋಪಿನಲ್ಲಿ ತುರ್ತು ಸಂಖ್ಯೆ 112. ನಮ್ಮ ದೇಶದಲ್ಲೂ 112.