ಇಳಿವಾಗ ಯಾವ ಗೇರು?

ಮೂರು ಟನ್ ತೂಕದ ವ್ಯಾನನ್ನು ಸಾವಿರ ಮೀಟರ್ ಮೇಲಕ್ಕೆ ಒಯ್ಯಲು ಎತ್ತರದ ಲೆಕ್ಕಕ್ಕೇ 8 ಯೂನಿಟ್‌ಗಿಂತ ತುಸು ಹೆಚ್ಚು ಕರೆಂಟು ಬೇಕು. ಟೈರು, ಗಾಳಿ, ಮೋಟಾರು ತಿನ್ನುವುದನ್ನೂ ಸೇರಿಸಿದರೆ 13ರ ಹತ್ತಿರ. ಬೋಡಿನಾಯಕನೂರಿನಿಂದ ಬೋಡಿಮೆಟ್ಟಿಗಿರುವ ಎತ್ತರ ಹೆಚ್ಚುಕಡಿಮೆ ಅಷ್ಟೇ. ನಡುವೆ 17 ಹೇರ್‌ಪಿನ್ ತಿರುವು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಈ ಲೆಕ್ಕ ಒಪ್ಪಿಸುತ್ತಿದ್ದೆ. ಇಳಿಯುವ ಲೆಕ್ಕ ಮಾತ್ರ ಹಾಕಿರಲಿಲ್ಲ.

ನಮ್ಮದು ಕೊಂಬೈ, ತೇನಿ ಜಿಲ್ಲೆ. ಕಂಬಂ ಕಣಿವೆಯ ಒಕ್ಕಲಿಗರು. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. (ಹೊರಗಿನವರಿಗೆ ಊರು ಗೊತ್ತಿರುವುದು ಕೊಂಬೈ ನಾಯಿಯಿಂದ, ನಮ್ಮಿಂದಲ್ಲ.) ಈ ಕಡೆಯಿಂದ ನಸುಕಿನಲ್ಲೇ ಜೀಪುಗಳು ಏಲಕ್ಕಿ ತೋಟದ ಆಳುಗಳನ್ನು ತುಂಬಿಕೊಂಡು ಇಡುಕ್ಕಿ ಬೆಟ್ಟ ಹತ್ತುತ್ತವೆ, ಸಂಜೆ ಇಳಿಯುತ್ತವೆ. ನನ್ನ ಮಾವ ಆ ಜೀಪು ಓಡಿಸಿಯೇ ತಲೆ ಹಣ್ಣಾದವರು.

ನಾನು ಕೊಂಡದ್ದು ಎಂಬತ್ತರ ದಶಕದ ಬಜಾಜ್ ಟೆಂಪೋ ಮ್ಯಾಟಡಾರ್. ಹಿಂದಿನ ಮಾಲೀಕರು ಯಾರೋ ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಕೂಡಿಸಿ ಅದನ್ನು ಮನೆ ಮಾಡಿದ್ದರು. ಜರ್ಮನ್ ಮೂಲದ ಆ ಗಾಡಿಯಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಹಿಂದಕ್ಕೆ ಶಾಫ್ಟ್ ಹೋಗದ್ದರಿಂದ ನೆಲ ತಗ್ಗು, ಒಳಗೆ ಓಡಾಡಲು ಸಲೀಸು. ಆಷಾಢದ ಗಾಳಿಗೆ ಕಣಿವೆಯ ಗಾಳಿಯಂತ್ರಗಳು ತಿರುಗುವಾಗ, ಇಷ್ಟು ಕರೆಂಟು ಇಟ್ಟುಕೊಂಡು ಇದಕ್ಕೆ ಡೀಸೆಲ್ ಯಾಕೆ ಅನ್ನಿಸಿತು. ಎಂಜಿನ್ ಇಳಿಸಿ ಮೋಟಾರು ಕೂರಿಸಿದೆ, ಹಾಸಿಗೆಯ ಕೆಳಗೆ ಲಿಥಿಯಂ ಬ್ಯಾಟರಿ. ಕ್ಲಚ್ ತೆಗೆದು ಗೇರ್‌ಬಾಕ್ಸನ್ನು ಒಂದೇ ಗೇರಿಗೆ ಕಟ್ಟಿಹಾಕಿದೆ. ಕಾಗದಪತ್ರ ಆಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ.

ಅಂಗಳದಲ್ಲೇ ಮೊದಲ ಪಾಠ ಆಯಿತು. ಬ್ರೇಕು ಕಲ್ಲಿನಂತೆ ಗಟ್ಟಿ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನದಕ್ಕಿರುವಂತೆ ಗಾಳಿ ತಡೆಯುವ ಥ್ರಾಟಲ್ ಇಲ್ಲ. ಹಾಗಾಗಿ ಅದು ತಾನಾಗಿ ನಿರ್ವಾತ ಹುಟ್ಟಿಸುವುದಿಲ್ಲ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪನ್ನು ಬೇರೆಯಾಗಿ ಎಂಜಿನ್ನೇ ತಿರುಗಿಸುತ್ತದೆ. ಎಂಜಿನ್ ಹೋದರೆ ಅದೂ ಹೋಯಿತು. ಕರೆಂಟಿನ ಪಂಪು ತಂದು ಹಾಕಿದೆ, ಬ್ರೇಕು ಮೆತ್ತಗಾಯಿತು. ಎಂಜಿನ್ನು ಗುಟ್ಟಾಗಿ ಮಾಡುತ್ತಿದ್ದ ಕೆಲಸ ಕಂಡುಹಿಡಿದೆನೆಂದು ಬೀಗಿದೆ. ಅಂಥ ಕೆಲಸ ಇನ್ನೊಂದಿರಬಹುದು ಅಂತ ತಲೆಗೆ ಹೊಳೆಯಲಿಲ್ಲ.

ಮಾವ ಬಂದು ಬಗ್ಗಿ ನೋಡಿ ಕೇಳಿದ್ದು ಒಂದೇ ಮಾತು: "ಇಳಿವಾಗ ಯಾವ ಗೇರು?"

"ಗೇರೇ ಬೇಡ ಮಾವ, ಕರೆಂಟು ಗಾಡಿ," ಅಂದೆ.

ಘಾಟಿಯ ಡ್ರೈವರುಗಳು ಹತ್ತಿದ ಗೇರಿನಲ್ಲೇ ಇಳಿಯುತ್ತಾರೆ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ. ಕರೆಂಟು ಗಾಡಿಯಲ್ಲಿ ಆ ಕೆಲಸ ಮೋಟಾರಿನದು: ಇಳಿಯುವಾಗ ಅದು ಡೈನಮೋ ಆಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ಕಣಿವೆಯ ಚಿಕ್ಕ ದಿಬ್ಬಗಳಲ್ಲಿ ನನ್ನ ವ್ಯಾನೂ ಹಾಗೇ ಮಾಡಿತ್ತು. ಅದರ ಮೇಲೇ ನನ್ನ ಧೈರ್ಯ.

ಬೋಡಿಮೆಟ್ಟಿಗೆ ಸಲೀಸಾಗಿ ಹತ್ತಿತು. ಪರಿಚಯದವರ ತೋಟದಲ್ಲಿ ರಾತ್ರಿ ಉಳಿದೆ. ದಾರಿಯಲ್ಲಿ ಕೈಕೊಡಬಾರದೆಂದು ಬೆಳಗಾಗುವವರೆಗೆ ಚಾರ್ಜಿಗಿಟ್ಟು ಬ್ಯಾಟರಿ ಭರ್ತಿ ಮಾಡಿಕೊಂಡೆ. ಎಚ್ಚರಿಕೆ ಎಂದುಕೊಂಡು ಮಾಡಿದ ಆ ಕೆಲಸವೇ ಕೆಟ್ಟದ್ದು. ಭರ್ತಿಯಾದ ಬ್ಯಾಟರಿಗೆ ಮತ್ತೆ ಕರೆಂಟು ನುಗ್ಗಿಸಿದರೆ ಅದು ಹಾಳಾಗುತ್ತದೆ. ಕಂಟ್ರೋಲರ್ ಆ ದಾರಿಯನ್ನೇ ಮುಚ್ಚಿತು. ಮೋಟಾರು ಸುಮ್ಮನೆ ತಿರುಗುತ್ತಿತ್ತು, ತಡೆಯುತ್ತಿರಲಿಲ್ಲ. ಹತ್ತುವಾಗ ಕೊಟ್ಟ ಆ 8 ಯೂನಿಟ್ಟಿಗೆ ಇಳಿಯುವಾಗ ಹೋಗಲು ಉಳಿದದ್ದು ಮುಖ್ಯವಾಗಿ ಬ್ರೇಕೊಂದೇ. 8 ಯೂನಿಟ್ ಅಂದರೆ ಸುಮಾರು 100 ಲೀಟರ್ ತಣ್ಣೀರನ್ನು ಕುದಿಯಲು ತರುವ ಶಾಖ. ಅದರಲ್ಲಿ ಬಹುಪಾಲು ನಾಲ್ಕು ಚಕ್ರಗಳೊಳಗೆ.

ಅರ್ಧದಷ್ಟು ತಿರುವುಗಳು ಮುಗಿಯುವ ಮೊದಲೇ ಲೈನಿಂಗ್ ಸುಟ್ಟ ವಾಸನೆ. ಪೆಡಲ್ ಗಟ್ಟಿಯಾಗಿ ಒತ್ತಿದರೂ ಗಾಡಿ ಕೇಳುತ್ತಿರಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಕಣಿವೆಯ ಕಡೆ ಬಿಟ್ಟು ಬೆಟ್ಟದ ಕಡೆಯ ಚರಂಡಿಗೆ ಚಕ್ರ ಇಳಿಸಿ, ಬಂಡೆಗೆ ಮೈ ಉಜ್ಜಿಸಿ ನಿಲ್ಲಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ. ಹಿಂದೆ ಬರುತ್ತಿದ್ದ ಜೀಪಿನ ತುಂಬ ಆಳುಗಳಿದ್ದರು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಕಾನೂನನ್ನು ಓದಿದ್ದು ಆಮೇಲೆ. ಹಳೆಯ ಗಾಡಿಯನ್ನು ಪೂರ್ತಿ ಕರೆಂಟಿಗೆ ಬದಲಿಸಲು ಎಐಎಸ್-123 ಎಂಬ ವಾಹನ ಮಾನದಂಡದ ಪ್ರಕಾರ ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಕಿಟ್ಟೇ ಬೇಕು. ಗಾಡಿ 1990ರ ಜನವರಿ 1ರ ನಂತರ ತಯಾರಾದದ್ದೂ ಆಗಿರಬೇಕು. ನನ್ನದು ಎರಡರಲ್ಲೂ ನಪಾಸು. ಸರ್ಕಾರಿ ರಗಳೆ ಎಂದು ನಾನು ಬೈಯುತ್ತಿದ್ದ ಆ ಪರೀಕ್ಷೆಯಲ್ಲಿ ಬ್ರೇಕೂ ಒಂದು ವಿಷಯ.

ಇದೇ ಲೆಕ್ಕವನ್ನು ಸರಿಯಾಗಿ ಹಾಕಿದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಸಿಮೆಂಟ್ ಗಣಿಯೊಂದಕ್ಕಾಗಿ ಹಳೆಯ ಕೊಮಾಟ್ಸು ಡಂಪರನ್ನು ವಿದ್ಯುತ್ತಿಗೆ ಬದಲಿಸಿದ್ದಾರೆ. ಅದು ಖಾಲಿಯಾಗಿ ಹತ್ತುತ್ತದೆ, 65 ಟನ್ ಕಲ್ಲು ಹೊತ್ತು ಇಳಿಯುತ್ತದೆ. ಹತ್ತುವಾಗ ಬ್ಯಾಟರಿಯಲ್ಲಿ ತೆರವಾದ ಜಾಗಕ್ಕೆ ಇಳಿಯುವಾಗ ಕರೆಂಟು ತುಂಬಿಕೊಳ್ಳುತ್ತದೆ. ರೈಲು ಎಂಜಿನ್ನುಗಳಲ್ಲಿ ಇಳಿಜಾರಿನ ಕರೆಂಟನ್ನು ಶಾಖ ಮಾಡಿ ಗಾಳಿಗೆ ಬಿಡಲು ದೊಡ್ಡ ರೆಸಿಸ್ಟರುಗಳೇ ಇರುತ್ತವೆ. ನನ್ನ ವ್ಯಾನಿನಲ್ಲಿ ಜಾಗವೂ ಇರಲಿಲ್ಲ, ರೆಸಿಸ್ಟರೂ ಇರಲಿಲ್ಲ.

ಡೀಸೆಲ್ ಎಂಜಿನ್ನನ್ನೇ ಮತ್ತೆ ಕೂರಿಸಿದ್ದೇನೆ. ಬ್ಯಾಟರಿ ಒಳಗಿನ ಫ್ರಿಜ್ಜು, ಫ್ಯಾನು, ದೀಪಕ್ಕೆ. ಹಳೆಯ ವ್ಯಾನ್ ಬದಲಿಸಬೇಕೆಂದು ಹುಡುಗರು ಬಂದಾಗ ಮೋಟಾರು ಎಷ್ಟು ಕಿಲೋವ್ಯಾಟು, ಒಂದು ಚಾರ್ಜಿಗೆ ಎಷ್ಟು ದೂರ ಎಂದು ವಿಚಾರಿಸುತ್ತಾರೆ. ನಾನು ಮೊದಲು ಕೇಳುವುದು, ರಾತ್ರಿ ತಂಗುವುದು ಬೆಟ್ಟದ ಮೇಲೋ ಕೆಳಗೋ ಎಂದು. ಮೇಲೆ ಅಂದರೆ, ಒಪ್ಪಿಗೆಯ ಕಿಟ್ಟೇ ಹಾಕಿದ್ದರೂ ಬ್ಯಾಟರಿಯನ್ನು ಪೂರ್ತಿ ತುಂಬಬೇಡಿ, ಇಳಿಜಾರಿಗೆ ಬೇಕಾದಷ್ಟು ಜಾಗ ಬಿಡಿ ಅನ್ನುತ್ತೇನೆ.