ಕಿವಿಮಾತೂ ಸಭೆಯ ಮಾತೂ

ಬೀದರ ಜಿಲ್ಲೆಯಲ್ಲಿ ಚುನಾವಣೆ ಬಂತೆಂದರೆ ಎರಡು ದಾರಿಗಳಲ್ಲಿ ಧೂಳೇಳುತ್ತದೆ. ಒಂದು, ಹಳ್ಳಿಗಳಿಗೆ ಹೋಗುವ ದಾರಿ. ಇನ್ನೊಂದು, ಮಠ, ಮಂದಿರ, ದರ್ಗಾಗಳಿಗೆ ಹೋಗುವ ದಾರಿ. ಅಭ್ಯರ್ಥಿ ಯಾವ ಪಕ್ಷದವನಾದರೂ ಆಗಲಿ, ಮೊದಲು ಗುರುಗಳಿಗೆ ತಲೆಬಾಗಿ ಅನಂತರ ಮತದಾರನ ಬಾಗಿಲಿಗೆ ಬರುವುದೇ ಹೆಚ್ಚು. ಇದನ್ನು ನೋಡುತ್ತ ಜನ ಸುಮ್ಮನಿರುವುದಿಲ್ಲ. ಬೀದರ ನಗರದ ಚಹದಂಗಡಿಗಳಲ್ಲಿ, ಭಾಲ್ಕಿಯ ಬಸ್ ನಿಲ್ದಾಣದಲ್ಲಿ, ಔರಾದದ ಸಂತೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: ಧರ್ಮಗುರುಗಳು ರಾಜಕಾರಣಿಗಳ ಮೇಲೆ ಪ್ರಭಾವ ಬೀರುವುದು ಸರಿಯೆ?

ಸರಿ ಎನ್ನುವವರ ವಾದ ಹಗುರವಾದುದಲ್ಲ. “ಯಾರ ಮಾತನ್ನೂ ಕೇಳದ ಮಂತ್ರಿ ಗುರುಗಳ ಮಾತನ್ನು ಕೇಳುತ್ತಾನೆ. ಊರಿಗೆ ಶಾಲೆಯೋ ಕೆರೆಯೋ ಬರುವುದಾದರೆ ಅದರಲ್ಲಿ ಕೆಡುಕೇನು?” ಎಂಬುದು ಅವರ ಪ್ರಶ್ನೆ. ತಪ್ಪು ಎನ್ನುವವರು ಮರುಪ್ರಶ್ನೆ ಹಾಕುತ್ತಾರೆ: “ಶಾಸಕನನ್ನು ಐದು ವರ್ಷಕ್ಕೊಮ್ಮೆ ನಾವು ಕೇಳಬಲ್ಲೆವು. ಅವನಿಗೆ ಸಲಹೆ ಕೊಟ್ಟವರನ್ನು ಕೇಳುವುದು ಯಾವಾಗ?” ಗಡಿಯಂಚಿನ ಔರಾದ ಸೀಮೆಯಲ್ಲಿ ಕನ್ನಡದೊಡನೆ ಮರಾಠಿ, ಉರ್ದು, ಲಂಬಾಣಿ ನುಡಿಗಳೂ ಕೇಳಿಬರುತ್ತವೆ. ತಾಂಡಾದಲ್ಲಿ ಬದುಕುವ ಕೂಲಿಕಾರನ ಪ್ರಶ್ನೆ ಈ ಎರಡಕ್ಕಿಂತಲೂ ಹರಿತವಾದುದು: “ಮಠವಿದ್ದವರ ಮಾತನ್ನು ಮಠ ತಲುಪಿಸಿತು. ಮಠವಿಲ್ಲದವರ ಮಾತನ್ನು ತಲುಪಿಸುವವರು ಯಾರು?”

ಈ ಪ್ರಶ್ನೆಗಳು ಇಂದು ಹುಟ್ಟಿದವಲ್ಲ. ಬೀದರಿನ ಮಣ್ಣು ಇವನ್ನು ಶತಮಾನಗಳಿಂದ ಬಲ್ಲದು. ಇದೇ ಜಿಲ್ಲೆಯ ಬಸವಕಲ್ಯಾಣ ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ರಾಜಧಾನಿಯಾಗಿತ್ತು. ಅವನ ಭಂಡಾರದ ಹೊಣೆ ಹೊತ್ತವರು ಬಸವಣ್ಣನವರು. ಅರಸನಿಗೆ ಇಷ್ಟು ಹತ್ತಿರದಲ್ಲಿದ್ದರೂ ಅವರು ತಮ್ಮ ವಿಚಾರಗಳನ್ನು ಅರಮನೆಯ ಒಳಕೋಣೆಯಲ್ಲಿ ಹೇಳಿ ಮುಗಿಸಲಿಲ್ಲ. ಹಲವು ಕಾಯಕಗಳ ಶರಣರು ಸೇರಿದ ಅನುಭವ ಮಂಟಪದಲ್ಲಿ, ಎಲ್ಲರೂ ಕೇಳಿ ಎದುರಾಡಬಹುದಾದಂತೆ ಹೇಳಿದರು. ಇತ್ತ ಬಿಜ್ಜಳನ ಬಳಿಯೂ ಧರ್ಮದ ಹೆಸರಿನಲ್ಲಿ ದೂರು ತರುವವರಿದ್ದರೆಂದು ಪರಂಪರೆ ಹೇಳುತ್ತದೆ. ಹರಳಯ್ಯ, ಮಧುವರಸರ ಮಕ್ಕಳ ಮದುವೆ ಧರ್ಮಕ್ಕೆ ವಿರೋಧವೆಂದು ಅವರು ಅರಸನ ಕಿವಿ ತುಂಬಿದರು. ಆ ಇಬ್ಬರು ತಂದೆಯರಿಗೂ ಘೋರ ಶಿಕ್ಷೆಯಾಯಿತು. ಕಲ್ಯಾಣವೇ ಹೊತ್ತಿ ಉರಿಯಿತು. ಧರ್ಮವನ್ನು ಬಲ್ಲೆವೆಂದವರು ಎರಡು ಕಡೆಯೂ ಇದ್ದರು. ಒಂದು ಕಡೆ ಇದ್ದುದು ಸಭೆಯ ಮಾತು. ಇನ್ನೊಂದು ಕಡೆ ಇದ್ದುದು ಕಿವಿಮಾತು.

ಅರಸರಿಗೂ ಗುರುಗಳ ಆಶ್ರಯ ಬೇಕಾಗಿತ್ತೆಂಬುದಕ್ಕೆ ಬೀದರ ನಗರವೇ ಸಾಕ್ಷಿ. ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಬಹಮನಿ ಸುಲ್ತಾನ ಅಹಮದ್ ಶಾಹನು ದೂರದ ಇರಾನಿನ ಕಿರ್ಮಾನಿನಿಂದ ಸೂಫಿ ಮನೆತನವೊಂದನ್ನು ಗೌರವದಿಂದ ಕರೆಸಿಕೊಂಡನು. ಆ ಮನೆತನದ ಖಲೀಲುಲ್ಲಾರ ಸಮಾಧಿಯಾದ ಚೌಖಂಡಿ, ಅಷ್ಟೂರಿನ ದಾರಿಯಲ್ಲಿ ಇಂದಿಗೂ ನಿಂತಿದೆ. ಸುಲ್ತಾನನಿಗೆ ಸಿಂಹಾಸನವಿತ್ತು, ಸೈನ್ಯವಿತ್ತು. ಆದರೂ ಜನರ ಮನಸ್ಸಿನ ಒಪ್ಪಿಗೆ ಗುರುವಿನ ಮೂಲಕ ಬರುವುದೆಂದು ಅವನು ಅರಿತಿದ್ದನು. ಇಂದಿನ ಅಭ್ಯರ್ಥಿ ಅರಿತಿರುವುದೂ ಇದನ್ನೇ.

ಹಾಗಾದರೆ ಗುರುವಿನ ಪ್ರಭಾವವೆಲ್ಲ ಕೆಟ್ಟದ್ದೆ? ಭಾಲ್ಕಿಯ ನೆನಪು ಹಾಗೆನ್ನುವುದಿಲ್ಲ. ಬೀದರ ಪ್ರದೇಶವು 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉರ್ದು ಆಡಳಿತದ ಭಾಷೆಯಾಗಿತ್ತು. ಕನ್ನಡಕ್ಕೆ ಶಾಲೆಯಲ್ಲಿ ಇಂಬಿರಲಿಲ್ಲ. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂದು ಜನ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ನೂರು ವರ್ಷಗಳಿಗೂ ಮಿಕ್ಕಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಅವರ ಈ ಕಾರ್ಯವೂ ಗುಟ್ಟಿನದೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಆ ಗುಟ್ಟು ಆಳುವವರಿಂದ ಮುಚ್ಚಿಟ್ಟದ್ದು, ಜನರಿಂದ ಮುಚ್ಚಿಟ್ಟದ್ದಲ್ಲ. ಅದರ ಫಲ ಓಣಿಯ ಮಕ್ಕಳ ನಾಲಗೆಯಲ್ಲಿ ಕಾಣಿಸಿಕೊಂಡಿತು. 1956ರಲ್ಲಿ ಬೀದರ ಕನ್ನಡ ನಾಡನ್ನು ಸೇರಿದಾಗ, ಕನ್ನಡ ಓದಬಲ್ಲ ಒಂದು ಪೀಳಿಗೆಯನ್ನು ಬೆಳೆಸಿದ ಕೀರ್ತಿಯಲ್ಲಿ ಆ ಮಠಕ್ಕೂ ಪಾಲಿತ್ತು.

ಪ್ರಜಾಪ್ರಭುತ್ವ ಬಂದ ಮೇಲೆ ಕಾನೂನೂ ಈ ವಿಷಯದಲ್ಲಿ ಗೆರೆ ಎಳೆಯಿತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಅಭ್ಯರ್ಥಿಯು ಧರ್ಮದ ಹೆಸರಿನಲ್ಲಿ ಮತ ಯಾಚಿಸುವುದು ಭ್ರಷ್ಟಾಚಾರ. ಪೂಜಾಸ್ಥಳಗಳನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದೆಂದು 1988ರ ಕಾಯಿದೆ ವಿಧಿಸಿತು. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಹಿಡಿದು ಮತ ಕೇಳುವುದೂ ಸಲ್ಲದೆಂದು 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪಿತ್ತಿತು. ಆ ಪೀಠದಲ್ಲೂ ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಪ್ರಶ್ನೆ ಎಷ್ಟು ಜಟಿಲವೆಂಬುದು ಇದರಿಂದಲೇ ತಿಳಿಯುತ್ತದೆ. ಅಲ್ಲದೆ ಕಾನೂನು ಧ್ವನಿವರ್ಧಕದ ಮಾತನ್ನು ಹಿಡಿಯಬಲ್ಲದು, ಕಿವಿಮಾತನ್ನು ಹಿಡಿಯಲಾರದು. ಅದನ್ನು ಹಿಡಿಯಬಲ್ಲುದು ಜನರ ಎಚ್ಚರ ಮಾತ್ರ.

ಆ ಎಚ್ಚರ ಜನರಲ್ಲಿ ಉಂಟೆಂಬುದನ್ನು ಬೀದರವೇ ತೋರಿಸಿದೆ. ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಬೇಕೆಂದು 2017ರ ಜುಲೈಯಲ್ಲಿ ಬೀದರ ನಗರದಲ್ಲಿ ಬೃಹತ್ ಸಮಾವೇಶ ನಡೆಯಿತು; ಮಠಾಧೀಶರು ವೇದಿಕೆಯ ಮೇಲಿದ್ದರು. ಬೇಡಿಕೆಯನ್ನು ಒಪ್ಪದ ಮಠಾಧೀಶರೂ ನಾಡಿನಲ್ಲಿದ್ದರು. ಅವರೂ ತಮ್ಮ ವಾದವನ್ನು ಬಹಿರಂಗವಾಗಿಯೇ ಹೇಳಿದರು. 2018ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರ ಅದನ್ನು ಒಪ್ಪಲಿಲ್ಲ. ನಡುವೆ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ಬಂತು. ಬೀದರ ಜಿಲ್ಲೆಯ ಆರು ಕ್ಷೇತ್ರಗಳು ಮೂರು ಪಕ್ಷಗಳಿಗೆ ಹಂಚಿಹೋದವು. ಬೀದರ, ಭಾಲ್ಕಿಗಳು ಒಂದು ಪಕ್ಷವನ್ನು ಆರಿಸಿದರೆ, ಔರಾದ ಇನ್ನೊಂದನ್ನು ಆರಿಸಿತು. ಜನ ಗುರುಗಳ ಮಾತನ್ನು ಕೇಳಿದರು; ಬೆಳೆಯ ಬೆಲೆ, ಕುಡಿಯುವ ನೀರು, ಅಭ್ಯರ್ಥಿಯ ನಡತೆ ಇವನ್ನೂ ತೂಗಿದರು. ಯಾರೋ ಕಟ್ಟಿ ಕೊಡಬಹುದಾದ ಗಂಟಲ್ಲ ಮತವೆಂಬುದು.

ಇದರಿಂದ ಗುರುವಿನ ಗೌರವ ಕುಗ್ಗುವುದೆ? ಇಲ್ಲ. ಮಠದ ಕಾಲೇಜಿಗೆ ಅನುದಾನ ಬೇಕಾದಾಗ ಗುರು ಮಂತ್ರಿಯ ಬಾಗಿಲಿಗೆ ಹೋಗುತ್ತಾರೆ. ಮತ ಬೇಕಾದಾಗ ಮಂತ್ರಿ ಗುರುವಿನ ಬಾಗಿಲಿಗೆ ಬರುತ್ತಾನೆ. ಈ ಕೊಳುಕೊಡುಗೆ ಬೆಳೆದಂತೆ ತಪ್ಪನ್ನು ತಪ್ಪೆನ್ನುವ ಗುರುವಿನ ಧ್ವನಿ ತಗ್ಗುತ್ತದೆ. ಪೀಠಕ್ಕೆ ನಿಜವಾದ ಅಪಾಯ ಇದೇ. ಪ್ರಶ್ನಿಸುವ ಜನರು ಗುರುವನ್ನು ಆ ಅಪಾಯದಿಂದ ಕಾಯುತ್ತಾರೆ.

ಇಂದು ಒಂಬತ್ತನೆಯ ತರಗತಿಯಲ್ಲಿ ಕುಳಿತವರು ಇನ್ನು ಮೂರು ನಾಲ್ಕು ವರ್ಷಗಳಲ್ಲಿ ಮತದಾರರಾಗುವರು. ಗುರುವೊಬ್ಬರು ಅಧಿಕಾರಸ್ಥನಿಗೆ ಹೇಳಿದ ಮಾತು ಅವರ ಕಿವಿಗೂ ಬೀಳುವುದು. ಆಗ ಅದನ್ನು ತೂಗಲು ಎರಡು ಕಲ್ಲುಗಳು ಸಾಕು. ಆ ಮಾತನ್ನು ಊರ ಸಭೆಯಲ್ಲಿ, ಎಲ್ಲ ಜಾತಿ ಮತಗಳ ಜನರ ಎದುರಿಗೆ ಹೇಳಬಹುದೆ? ಅದರಿಂದ ತಾಂಡಾದ ಕೂಲಿಕಾರನಿಗೂ ಮಠದ ಭಕ್ತನಿಗೂ ಒಂದೇ ನ್ಯಾಯ ದೊರೆಯುವುದೆ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಅದು ಮಾರ್ಗದರ್ಶನ. ಬಾರದಿದ್ದರೆ, ಹೇಳಿದವರು ಎಷ್ಟೇ ಪೂಜ್ಯರಾಗಿರಲಿ, ಅದು ಬರಿಯ ವ್ಯಾಪಾರ. ಮಾತನ್ನು ಹೀಗೆ ತೂಗುವುದು ಅವಿಧೇಯತೆಯಲ್ಲ. ಅದು ಪ್ರಜೆಯ ಕಾಯಕ.